ನಾನೇ ಅಳಿಸಿದ ಹಾಡು

ದೆಹಲಿಯಲ್ಲಿ ನಾನು ಪಾಠ ಮಾಡುವ ಕ್ಯಾಂಪಸ್ಸಿನಲ್ಲಿ ಒಂದು ಸಮುದಾಯ ರೇಡಿಯೋ ಇದೆ. ಪ್ರತಿ ಶನಿವಾರ ಸಂಜೆ ನಾಲ್ಕರಿಂದ ಐದರವರೆಗೆ ಅದು ನನ್ನ ಕೈಯಲ್ಲಿರುತ್ತಿತ್ತು. ಬೇರೆಲ್ಲೂ ಕೇಳಿಸದ ಸಂಗೀತವನ್ನು ಹುಡುಕಿ ಹುಡುಕಿ ಹಾಕುತ್ತಿದ್ದೆ. ಘಾಜಿಯಾಬಾದಿನ ಫ್ಲಾಟುಗಳಲ್ಲಿ ಸದ್ದು ಹೊರಗೆ ಹೋಗದಂತೆ ಕಿಟಕಿಗೆ ಹಾಸಿಗೆ ಒರಗಿಸಿಕೊಂಡು ಡ್ರಮ್ ಬಾರಿಸುವವರು, ಗಂಟಲು ಹರಿಯುವಂತೆ ಕಿರುಚುವವರು, ಕೆಟ್ಟ ಮಿಕ್ಸಿಯ ಸದ್ದನ್ನೇ ತಾಳ ಮಾಡಿಕೊಂಡವರು. ವಸಂತ್ ಕುಂಜ್‌ನ ಕನ್ನಡದ ಗೆಳತಿಯರು, "ಇದನ್ನೂ ಹಾಡು ಅಂತಾರೇನೇ?" ಎಂದು ರೇಗಿಸುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಅವರ ಜೊತೆ ಚಹಾ ಕುಡಿಯುವುದನ್ನೇ ಎರಡು ವಾರ ಬಿಟ್ಟಿದ್ದೂ ಉಂಟು.

ನನ್ನದೊಂದು ಹಟವೂ ಇತ್ತು. ನನ್ನ ಕಾರ್ಯಕ್ರಮ ಇಂಟರ್‌ನೆಟ್ಟಿಗೆ ಏರಬಾರದು, ಯಾರಿಗೂ ಕಾಪಿ ಕೊಡಬಾರದು. ಬೇಕಾದವರು ನಾಲ್ಕು ಗಂಟೆಗೆ ರೇಡಿಯೋ ಹಾಕಲಿ. ಪ್ರಸಾರವಾದದ್ದನ್ನು ಮೂರು ತಿಂಗಳು ಕಾಪಾಡಬೇಕೆಂದು ಸರ್ಕಾರದ ನಿಯಮ. ಆಮೇಲೆ ಉಳಿದವರೆಲ್ಲ ತಮ್ಮ ತಮ್ಮ ಕಾರ್ಯಕ್ರಮಗಳನ್ನು ಮನೆಗೆ ಒಯ್ಯುತ್ತಿದ್ದರು. ನಾನೊಬ್ಬಳು ಮಾತ್ರ ಕೂತು ಕೈಯಾರೆ ಅಳಿಸುತ್ತಿದ್ದೆ. ಅಂಡರ್‌ಗ್ರೌಂಡ್ ಸಂಗೀತ ಅಂದಮೇಲೆ ಹೀಗೇ ಇರಬೇಕು ಎಂದು ಬೀಗುತ್ತಿದ್ದೆ.

ಒಂದು ಶನಿವಾರ ದೆಹಲಿಯಾಚೆಯ ಮಾನೇಸರಿನಿಂದ ಒಬ್ಬರು ಗಿಟಾರ್ ಹಿಡಿದು ಬಂದರು. ಹಾಸನದ ಕಡೆಯವರು. ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ದಿನವಿಡೀ ತಗಡು ಒತ್ತುವ ಯಂತ್ರದ ಮುಂದೆ ನಿಲ್ಲುವ ಕೆಲಸ. ಆ ಯಂತ್ರದ ಏಟಿನ ಲಯಕ್ಕೇ ಕನ್ನಡದಲ್ಲಿ ಹಾಡು ಕಟ್ಟಿದ್ದರು. ಬಾಡಿಗೆ ರೂಮಿನಲ್ಲಿ ದನಿ ಎತ್ತಿದರೆ ಪಕ್ಕದವರು ಗೋಡೆ ತಟ್ಟುತ್ತಾರಂತೆ. ಪೂರ್ತಿ ಗಂಟಲು ಬಿಟ್ಟು ಅದನ್ನು ಹಾಡಿದ್ದು ನಮ್ಮ ಸ್ಟುಡಿಯೋದಲ್ಲೇ ಮೊದಲು. ಹಾಡು ಮುಗಿದಾಗ ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿತ್ತು.

"ಮೇಡಂ, ಒಂದು ಕಾಪಿ ಕೊಡ್ತೀರಾ? ನಮ್ಮನೆಯವಳಿಗೆ ಕೇಳಿಸ್ಬೇಕು. ಮಾನೇಸರ್‌ನಲ್ಲಿ ನಿಮ್ಮ ರೇಡಿಯೋ ಸಿಗಲ್ಲ."

"ಅವರನ್ನೇ ಕರ್ಕೊಂಡು ಬನ್ನಿ, ಇನ್ನೊಂದ್ಸಲ ಇಲ್ಲೇ ಹಾಡಿ. ಕಾಪಿ ಮಾತ್ರ ಕೇಳ್ಬೇಡಿ."

"ಅಚ್ಛಾ ಮೇಡಂ," ಎಂದು ನಕ್ಕು ಗಿಟಾರನ್ನು ಚೀಲಕ್ಕೆ ಹಾಕಿಕೊಂಡರು. ಅವರಿಗೆ ಬೇಸರವಾಗಿದ್ದು ನನಗೆ ಗೊತ್ತಾಯಿತು. ಆದರೂ ನಾನು ಜಗ್ಗಲಿಲ್ಲ.

ಅವರು ಮತ್ತೆ ಬರಲಿಲ್ಲ. ಮೂರು ತಿಂಗಳಾಯಿತು, ಅಳಿಸಿದೆ. ಅದಾಗಿ ಎರಡು ವಾರಕ್ಕೆ ಅವರ ಹೆಂಡತಿ ಬಂದರು. ಬಸ್ಸು, ಮೆಟ್ರೋ, ಆಟೋ ಬದಲಾಯಿಸಿಕೊಂಡು ಒಬ್ಬರೇ ಬಂದಿದ್ದರು. ಬೆಳಗಿನ ಪಾಳಿಗೆ ಹೊರಟ ಗಂಡ ಹೆದ್ದಾರಿ ದಾಟುವಾಗ ಲಾರಿಗೆ ಸಿಕ್ಕಿ ತೀರಿಕೊಂಡಿದ್ದರು. ಆಗಲೇ ತಿಂಗಳು ಕಳೆದಿತ್ತು. ಊರಿನಲ್ಲಿ ಕಾರ್ಯ ಮುಗಿಸಿಕೊಂಡು ಬಂದಿದ್ದರು. ಹಾಡುಗಳೆಲ್ಲ ಗಂಡನ ಫೋನಿನಲ್ಲೇ ಇದ್ದವಂತೆ. ಅದೂ ಚೂರಾಗಿತ್ತು.

"ಅಕ್ಕಾ, ಅವರು ಹಾಡಿದ್ದು ನಿಮ್ಮ ಹತ್ರ ಇದೆ ಅಂದಿದ್ರು. ಕಾಪಿ ಬೇಡ. ನೀವು ಕೊಡಲ್ಲ ಅಂತಾನೂ ಹೇಳಿದ್ರು. ಒಂದ್ಸಲ ಕೇಳಿಸಿ ಸಾಕು."

ಇಲ್ಲವೆಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಒಂದೊಂದೇ ಫೋಲ್ಡರ್ ತೆರೆದು ನೋಡಿದೆ. ನಮ್ಮ ತಾಂತ್ರಿಕ ಸಹಾಯಕರೂ ಬಂದು ನೋಡಿ, ಆ ಜಾಗದಲ್ಲಿ ಆಗಲೇ ಬೇರೆ ಕಾರ್ಯಕ್ರಮ ತುಂಬಿದೆ, ಇನ್ನು ಸಿಗುವುದಿಲ್ಲ ಎಂದು ಕೈಚೆಲ್ಲಿದರು. ಹಾಡಿದವರು ಸತ್ತ ದಿನ ಆ ಹಾಡು ಇನ್ನೂ ಅಲ್ಲೇ ಇತ್ತು; ನಾನು ಅಳಿಸಿದ್ದು ಅದಾದ ಎರಡು ವಾರದ ಮೇಲೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

"ನಾನೇ ಅಳಿಸಿಬಿಟ್ಟೆ ಕಣಮ್ಮಾ," ಅಂದೆ.

ಬಯ್ಯುತ್ತಾರೆಂದು ಕಾದೆ. ಬಯ್ದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ಹೋಗ್ಲಿ ಬಿಡಿ ಅಕ್ಕಾ. ನೀವು ಎದುರಿಗೇ ಕೂತು ಕೇಳಿದ್ದೀರಲ್ಲ. ನನಗೆ ಬರೀ ರಾಗ ಗುನುಗಿ ತೋರಿಸಿದ್ರು, ಮಾತು ಆಮೇಲೆ ಅಂತಿದ್ರು. ಏನಂತ ಬರೆದಿದ್ರು? ಎರಡು ಸಾಲು ಹೇಳಿ."

ಒಂದು ಸಾಲೂ ನೆನಪಿಗೆ ಬರಲಿಲ್ಲ. ಅವರ ಗಂಡ ಹಾಡುತ್ತಿದ್ದಷ್ಟು ಹೊತ್ತೂ ನಾನು ನೋಡುತ್ತಿದ್ದದ್ದು ಗಡಿಯಾರವನ್ನು. ಐದಕ್ಕೆ ಮುಂಚೆ ಮುಗಿಸಬೇಕಿತ್ತು.

ನೆನಪಾಗಲಿ ಎಂದು ಅವರೇ ಮೆಲ್ಲಗೆ ರಾಗ ಎತ್ತಿಕೊಟ್ಟರು. ಕೊನೆಯವರೆಗೆ ಗುನುಗಿ, ನನ್ನ ಮುಖ ನೋಡಿ, ಮತ್ತೆ ಮೊದಲಿನಿಂದ ಶುರುಮಾಡಿದರು.