ಕರಿದಾರದ ಕಾಸು

ಈ ಬೆಳಿಗ್ಗೆ ಬಿಸಿಲಿಗೆ ಹರವೋಣವೆಂದು ಹಳೆಯ ನಾಣ್ಯಗಳ ಬಟ್ಟೆಚೀಲ ಬಿಚ್ಚಿದ್ದೇ ತಡ, ಮೂರು ಸೀನು ಬಂದವು. ಒಂದು ಕಾಲಕ್ಕೆ ಬ್ಯಾಡಗಿ ಮೆಣಸಿನಕಾಯಿ ತುಂಬಿಕೊಂಡು ಬಂದ ಚೀಲ ಅದು. ಮೆಣಸಿನಕಾಯಿ ಸಾರಿಗೆ ಬಿದ್ದು ಎರಡು ವರ್ಷವಾಯಿತು, ಘಾಟು ಮಾತ್ರ ಹೋಗಿಲ್ಲ.

ನಾಣ್ಯ ಕೂಡಿಸುವವರಲ್ಲಿ ಎರಡು ಜಾತಿ. ದುಡ್ಡಿದ್ದವರು ಬೇಕಾದ ಒಂದೇ ನಾಣ್ಯ ಕೊಳ್ಳುತ್ತಾರೆ. ನನ್ನಂಥವರು ಕಿಲೋಗಟ್ಟಲೆ ಕೊಂಡು, ಮನೆಗೆ ತಂದು ಜೋಳ ಹಸನು ಮಾಡುವಂತೆ ಆರಿಸುತ್ತಾರೆ. ಹಾವೇರಿಯಿಂದ ತಿಂಗಳಿಗೊಮ್ಮೆ ರಾಣೆಬೆನ್ನೂರಿಗೆ ಹೋಗುತ್ತಿದ್ದೆ. ಅಲ್ಲಿ ಹಳೇ ತಾಮ್ರ ಹಿತ್ತಾಳೆ ಕೊಳ್ಳುವ ಅಂಗಡಿಯ ಬಸಣ್ಣ, ಹಂಡೆ ಕೊಡಗಳ ಜೊತೆ ಬಂದ ಕಾಸುಗಳನ್ನು ನನಗಾಗಿ ಡಬ್ಬಿಯಲ್ಲಿ ಎತ್ತಿಡುತ್ತಿದ್ದ. ನಾನು ಕೈಯಾಡಿಸತೊಡಗಿದರೆ, "ಆರಿಸಾಕ ಇವೇನು ಬದನಿಕಾಯೇನ್ರಿ? ತಗೊಂಡ್ರ ಪೂರಾ ತಗೋರಿ" ಅನ್ನುತ್ತಿದ್ದ. ನಾನು ಏನೂ ಆಸೆಯಿಲ್ಲದ ಮುಖ ಮಾಡಿಕೊಂಡು ತಕ್ಕಡಿ ನೋಡುತ್ತಿದ್ದೆ. ಆ ಮುಖ ಹೆಂಡತಿಯ ಮುಂದೆ ಮಾತ್ರ ನಡೆಯುವುದಿಲ್ಲ.

ನಡುವೆ ತೂತಿರುವ ಕಾಸು ನೀವೂ ನೋಡಿರುತ್ತೀರಿ. ಕೂಸುಗಳ ಉಡದಾರಕ್ಕೆ ಕಟ್ಟುತ್ತಿದ್ದರು. ಅದನ್ನು ಟಂಕಿಸಿದ್ದು ಕೆಲವೇ ವರ್ಷ. ಒಂದು ಇಸವಿಯದ್ದು ಬಿಟ್ಟು ಉಳಿದೆಲ್ಲ ನನ್ನ ಆಲ್ಬಮ್ಮಿನಲ್ಲಿದ್ದವು. ಆ ಒಂದು ಖಾನೆ ಹನ್ನೊಂದು ವರ್ಷ ಖಾಲಿ ಇತ್ತು. ಎರಡು ವರ್ಷದ ಹಿಂದೆ ಬಸಣ್ಣನ ಡಬ್ಬಿಯಲ್ಲಿ ಅದು ಸಿಕ್ಕಿತು, ಕರಿದಾರದ ಸಮೇತ. ದಾರ ಕತ್ತರಿಸಿ ಎಸೆದೆ. ಭೂತಗನ್ನಡಿ ಹಿಡಿದರೆ ತೂತು ಒಂದು ಬದಿಗೆ ಸವೆದಿತ್ತು. ಊನ ಎಂದುಕೊಂಡು ಸ್ವಲ್ಪ ಬೇಜಾರೂ ಪಟ್ಟೆ.

ವಾರದೊಳಗೆ, ಬಸಣ್ಣನಿಂದ ವಿಳಾಸ ಕೇಳಿಕೊಂಡು ಕಾಗಿನೆಲೆಯ ಶಾಂತವ್ವ ಎಂಬ ಹಿರಿಯ ಹೆಂಗಸು ನಮ್ಮ ಮನೆಗೆ ಬಂದರು.

"ನಮ್ಮ ತಮ್ಮ ತಿಳೀಲಾರ್ದ ಹಂಡೆ ಕೂಡ ಕಾಸಿನ ಗಂಟೂ ಮಾರ್ಯಾನ್ರಿ. ಉಳಿದದ್ದು ನೀವ ಇಟ್ಕೋರಿ, ಕರಿದಾರದ್ದೊಂದು ಕೊಡ್ರಿ. ನಮ್ಮ ಮನ್ಯಾಗ ಹುಟ್ಟಿದ ಎಲ್ಲಾ ಕೂಸಿಗೂ ಅದನ್ನ ಕಟ್ಟೇವಿ. ನಾಡದು ಮೊಮ್ಮಗಳ ತೊಟ್ಟಿಲು ಐತ್ರಿ."

ಒಳಗೆ ಹೋದೆ. ಆಲ್ಬಮ್ ಮುಟ್ಟಲಿಲ್ಲ. ಬೇರೆ ಇಸವಿಯ ತೂತಿನ ಕಾಸೊಂದಕ್ಕೆ ಕರಿದಾರ ಪೋಣಿಸಿ ತಂದುಕೊಟ್ಟೆ. ಆಕೆ ಇಸವಿ ನೋಡಲಿಲ್ಲ. ತೂತಿನ ಅಂಚಿಗೆ ಬೆರಳಾಡಿಸಿದರು.

"ಇದಲ್ಲರಿ. ನಮ್ಮದು ದಾರ ತಿಕ್ಕಿ ತಿಕ್ಕಿ ಒಂದ ಬದಿ ಸವದಿತ್ತು."

"ಇದ್ದದ್ದು ಇದೊಂದ ನೋಡ್ರಿ" ಎಂದೆ.

"ಹೋಗ್ಲಿ ಬಿಡ್ರಿ, ಇದನ್ನ ಕಟ್ಟತೇವಿ" ಅಂದವರು, ನನಗೆ ತೊಂದರೆ ಕೊಟ್ಟದ್ದಕ್ಕೆಂದು ಒಂದು ಚೀಲ ಮೆಣಸಿನಕಾಯಿ ಇಟ್ಟು ಹೋದರು. ಈಗಷ್ಟೇ ಸೀನಿದೆನಲ್ಲ, ಅದೇ ಚೀಲ. ಒಲ್ಲೆ ಅನ್ನಬಹುದಿತ್ತು, ಅನ್ನಲಿಲ್ಲ. ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ತುಂಬಿದ ಆಲ್ಬಮ್ಮನ್ನು ಈ ಎರಡು ವರ್ಷ ಯಾರಿಗೂ ತೋರಿಸಿಲ್ಲ. ಈಗ ಮೂಗು ಒರೆಸಿಕೊಂಡು ಆ ಕಾಸನ್ನು ಖಾನೆಯಿಂದ ತೆಗೆದೆ. ಶಾಂತವ್ವನಂತೆ ಬೆರಳಾಡಿಸಿದೆ. ಸವೆದ ಕಡೆ ಎಷ್ಟು ನುಣುಪಾಗಿದೆ ಎಂಬುದು ಇಸವಿ ಹುಡುಕುತ್ತಿದ್ದವನಿಗೆ ಗೊತ್ತಾಗಿರಲಿಲ್ಲ. ಹೆಂಡತಿಯಿಂದ ಕರಿದಾರ ಇಸಿದುಕೊಂಡಿದ್ದೇನೆ. ಯಾಕೆ ಎಂದು ಆಕೆ ಕೇಳಲಿಲ್ಲ. ಕಾಗಿನೆಲೆ ಬಸ್ಸು ಹತ್ತಕ್ಕೆ. ದಾರಿಯಲ್ಲಿ ಒಳ್ಳೆಯ ಸುಳ್ಳೊಂದು ಹೊಳೆಯದಿದ್ದರೆ, ಇದ್ದದ್ದನ್ನೇ ಹೇಳಿಬಿಡುತ್ತೇನೆ.