ಸಲ್ಮಾ ಓದಿದ ಹಾಳೆ

ಹನ್ನೊಂದು ವರ್ಷ ಪುಸ್ತಕ ಮುಟ್ಟದೇ ಇದ್ದ ಸಲ್ಮಾ ಮೂವತ್ತನಾಲ್ಕನೆಯ ವಯಸ್ಸಿಗೆ ಹಾವೇರಿಯಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ.ಗೆ ಸೇರಿದಳು. ಗಂಡ ಜಹೀರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಸಾಗಿಸುವ ಟೆಂಪೋ ಓಡಿಸುತ್ತಾನೆ. ಅತ್ತೆ ಬಿಬಿಜಾನ್ ಪಡಸಾಲೆಯಲ್ಲಿ ಕುಳಿತು ಕಾಯಿಯ ತೊಟ್ಟು ಬಿಡಿಸುತ್ತಾಳೆ. ಸೇರು ಅಂದವಳು ಈ ಅತ್ತೆಯೇ. "ಬಿ.ಎಸ್ಸಿ. ಕಲತು ಬರೇ ಸಾರು ಕುದಸಾಕತ್ತೀದಿ. ಹೋಗು, ಹುಡುಗೂರನ್ನ ನಾ ನೋಡ್ಕೋತೇನಿ."

ಮೊದಲ ಪರೀಕ್ಷೆಯಲ್ಲೇ ಸ್ಪೆಕ್ಟ್ರೋಸ್ಕೋಪಿ ಕೈಕೊಟ್ಟಿತು. ಎಂಬತ್ತಕ್ಕೆ ಹತ್ತೊಂಬತ್ತು. ಎನ್‌ಎಂಆರ್ ಪ್ರಶ್ನೆಗಳಿಗೆ ಬಹುತೇಕ ಸೊನ್ನೆ. ಎನ್‌ಎಂಆರ್‌ನಲ್ಲಿ ಪದಾರ್ಥವನ್ನು ದೊಡ್ಡ ಅಯಸ್ಕಾಂತದ ನಡುವೆ ಇಟ್ಟು ರೇಡಿಯೊ ಅಲೆ ಹಾಯಿಸಿದರೆ ಅದರೊಳಗಿನ ಹೈಡ್ರೋಜನ್‌ಗಳು ಓಗೊಡುತ್ತವೆ. ಅದು ಹಾಳೆಯ ಮೇಲೆ ಗೆರೆಗಳಾಗಿ ಏಳುತ್ತದೆ. ಆ ಗೆರೆ ನೋಡಿ ಅಣು ಹೇಗಿದೆ ಎಂದು ಹೇಳಬೇಕು. ಸಲ್ಮಾ ಗೆರೆಗಳನ್ನೆಲ್ಲ ಬಾಯಿಪಾಠ ಮಾಡಿದ್ದಳು. ಪರೀಕ್ಷೆಯಲ್ಲಿ ಬಂದದ್ದು ಬೇರೆ ಗೆರೆ.

ಒಂದು ಭಾನುವಾರ ಹಾಳೆ ಹರಡಿಕೊಂಡು ಕುಳಿತಿದ್ದಾಗ ಬಿಬಿಜಾನ್ ಬಗ್ಗಿ ನೋಡಿದಳು.

"ಇದೇನು ಬೇಟಿ, ಬಾಚಣಿಗಿ ಬರದಂಗ ಐತಿ?"

"ಪಕ್ಕದ ಕಾರ್ಬನ್ನಿನ ಮ್ಯಾಲೆ ಎಷ್ಟು ಹೈಡ್ರೋಜನ್ ಅದಾವು ಅಂತ ಹೇಳ್ತೈತಿ ಅಮ್ಮಾ. ಮೂರು ಇದ್ರ ನಾಕು ಗೆರಿ."

"ಮೂರಕ್ಕ ಮೂರ ಬರಬೇಕಲ್ಲ? ನಾಕು ಯಾಕ?"

ಹೈಡ್ರೋಜನ್ನಿನ ಎಣಿಕೆಗೆ ಒಂದು ಕೂಡಿಸಬೇಕು ಎಂಬ ನಿಯಮ ಸಲ್ಮಾಳಿಗೆ ಗೊತ್ತಿತ್ತು, ಯಾಕೆಂದು ಅವಳು ಯಾರನ್ನೂ ಕೇಳಿರಲಿಲ್ಲ. ಪುಸ್ತಕ ತೆಗೆದು ಆ ಪುಟವನ್ನು ಮೂರು ಸಲ ಓದಿದಳು. ಒಂದೊಂದು ಹೈಡ್ರೋಜನ್ನೂ ಒಂದು ಪುಟ್ಟ ಅಯಸ್ಕಾಂತ, ಅದು ಮೇಲಕ್ಕಾದರೂ ತಿರುಗಿರಬಹುದು, ಕೆಳಕ್ಕಾದರೂ. ಅತ್ತೆಯ ಮುಂದಿನ ಮೊರದಿಂದ ಮೂರು ಕಾಯಿ ಎತ್ತಿ ನೆಲದ ಮೇಲೆ ಇಟ್ಟಳು. ಮೂರರ ತೊಟ್ಟೂ ಮೇಲಕ್ಕೆ: ಅದು ಒಂದೇ ರೀತಿ. ಒಂದು ಮಾತ್ರ ಕೆಳಕ್ಕೆ: ಯಾವುದಾದರೂ ಆಗಬಹುದು, ಮೂರು ರೀತಿ. ಎರಡು ಕೆಳಕ್ಕೆ: ಮತ್ತೆ ಮೂರು. ಎಲ್ಲವೂ ಕೆಳಕ್ಕೆ: ಒಂದು. ಒಟ್ಟು ನಾಲ್ಕು ಗುಂಪು, ಗುಂಪಿಗೊಂದು ಗೆರೆ. ನಡುವಿನ ಎರಡು ಗೆರೆ ಯಾಕೆ ಎತ್ತರ ಎಂಬುದೂ ಅಲ್ಲೇ ಕಣ್ಣ ಮುಂದಿತ್ತು.

"ಈಗ ತಿಳೀತು ನೋಡ" ಎಂದಳು ಬಿಬಿಜಾನ್. ತನಗೆ ತಿಳಿಯಿತೆಂದಳೋ ಸೊಸೆಗೆ ತಿಳಿಯಿತೆಂದಳೋ, ಸಲ್ಮಾ ಕೇಳಲಿಲ್ಲ. ಅವಳು ಆಗಲೇ ಇನ್ನೊಂದು ಹಾಳೆ ಎಳೆದುಕೊಂಡಿದ್ದಳು.

ಮುಂದಿನ ವರ್ಷ ಪ್ರಾಜೆಕ್ಟ್. ಒಂದು ಆಮ್ಲಕ್ಕೆ ಎಥನಾಲ್ ಕೂಡಿಸಿ ಬೆಂಝೊಕೇನ್ ಎಂಬ ಮರಗಟ್ಟಿಸುವ ಔಷಧಿ ತಯಾರಿಸಬೇಕು. ಸಲ್ಮಾಳ ಬಿಳಿ ಪುಡಿ ಎಂಬತ್ತೊಂಬತ್ತು ಡಿಗ್ರಿಗೆ ಕರಗಬೇಕಿತ್ತು, ನೂರಾಹನ್ನೊಂದಕ್ಕೆ ಕರಗಿತು. ಮತ್ತೆ ಮಾಡಿದಳು. ಮತ್ತೆ ಅಷ್ಟೇ.

ಗೈಡ್ ಬಾಳಕೃಷ್ಣ ಅವಳಿಗಿಂತ ಎರಡು ವರ್ಷ ಸಣ್ಣವರು. "ಸಲ್ಮಾ ಅವರ, ಎಲ್ಲೋ ತಪ್ಪು ಮಾಡೀರಿ. ಮೊದಲಿಂದ ಮಾಡ್ರಿ" ಎಂದರು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಸ್ಪೆಕ್ಟ್ರೋಸ್ಕೋಪಿ ಕಲಿಸುವ ನಲಿನಿ ಮೇಡಂ ಮಾತ್ರ ಒಂದು ಚಿಟಿಕೆ ಪುಡಿಯನ್ನು ಧಾರವಾಡಕ್ಕೆ ಎನ್‌ಎಂಆರ್‌ಗೆ ಕಳಿಸಿಕೊಟ್ಟರು.

ಹತ್ತು ದಿನಕ್ಕೆ ಹಾಳೆ ಬಂತು. ಎಥನಾಲ್ ಕೂಡಿದ್ದರೆ ನಾಲ್ಕು ಗೆರೆಯ ಒಂದು ಗುಂಪು, ಮೂರು ಗೆರೆಯ ಇನ್ನೊಂದು ಗುಂಪು ಇರಲೇಬೇಕು. ಎರಡೂ ಇರಲಿಲ್ಲ. ಅವುಗಳ ಬದಲು ಮೂರು ಹೈಡ್ರೋಜನ್ನಿನಷ್ಟು ದೊಡ್ಡ ಗೆರೆಯೊಂದು ಒಂಟಿಯಾಗಿ ನಿಂತಿತ್ತು.

"ರಿಯಾಕ್ಷನ್ ಆಗೇ ಇಲ್ಲ" ಎಂದರು ಬಾಳಕೃಷ್ಣ.

ಸಲ್ಮಾ ಹಾಳೆಯಿಂದ ಕಣ್ಣೆತ್ತಲಿಲ್ಲ. "ಆಗೇತ್ರಿ ಸರ್. ಈ ಮೂರಕ್ಕ ಅಕ್ಕಪಕ್ಕ ಯಾರೂ ಇಲ್ಲ, ಅದಕ್ಕ ಒಂದ ಗೆರಿ. ಆಕ್ಸಿಜನ್ನಿಗೆ ಹತ್ತಿದ ಮಿಥೈಲ್ ಇದು. ನಾ ಹಾಕಿದ್ದು ಎಥನಾಲ್ ಅಲ್ಲರಿ, ಮೆಥನಾಲ್. ಬಾಟಲಿ ಮ್ಯಾಲಿನ ಚೀಟಿ ತಪ್ಪೈತಿ."

ಎಲ್ಲರೂ ಬಾಟಲಿಯತ್ತ ತಿರುಗಿದರು. ಹೊಸದಾಗಿ ತರಿಸಿದ ಆ ದೊಡ್ಡ ಬಾಟಲಿಯಿಂದಲೇ ತರಗತಿಯ ಹನ್ನೆರಡೂ ಮಂದಿ ಕೆಲಸ ಮಾಡುತ್ತಿದ್ದರು.

"ಕುದಿಸಿ ನೋಡೂಣು" ಎಂದರು ನಲಿನಿ ಮೇಡಂ. ಎಥನಾಲ್ ಆದರೆ ಎಪ್ಪತ್ತೆಂಟು ಡಿಗ್ರಿಗೆ ಕುದಿಯಬೇಕು, ಮೆಥನಾಲ್ ಆದರೆ ಅರವತ್ತೈದಕ್ಕೆ. ಎಲ್ಲರೂ ಥರ್ಮಾಮೀಟರಿನ ಸುತ್ತ ಮುಕುರಿದರು. ಪಾದರಸ ಅರವತ್ತೈದಕ್ಕೆ ಏರಿ ಅಲ್ಲೇ ನಿಂತಿತು. ಆವಿಯೆಲ್ಲ ಹಾಯ್ದು ಮುಗಿಯುವವರೆಗೂ ಅಲ್ಲಿಂದ ಏಳಲಿಲ್ಲ.

ಬಾಳಕೃಷ್ಣ ಬಾಟಲಿಗೆ ತಾವೇ ಕೆಂಪು ಪಟ್ಟಿ ಅಂಟಿಸಿ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು: "ತಪ್ಪು ಇವರದಲ್ಲ. ನಾ ಹಾಳಿ ಸರಿಯಾಗಿ ಓದಲಿಲ್ಲ, ಇವರು ಓದಿದ್ರು." ಬೇರೆ ಎಥನಾಲ್ ಬಂದ ಮೇಲೆ ಸಲ್ಮಾಳ ಪುಡಿ ಎಂಬತ್ತೊಂಬತ್ತಕ್ಕೇ ಕರಗಿತು.

ಫೇಲಾಗಿದ್ದ ಪೇಪರನ್ನು ಆ ಬೇಸಿಗೆಯಲ್ಲಿ ಮತ್ತೆ ಬರೆದಳು. ಎಂಬತ್ತಕ್ಕೆ ಎಪ್ಪತ್ತೊಂದು, ಇಡೀ ಬ್ಯಾಚಿಗೇ ಹೆಚ್ಚು. ಫಲಿತಾಂಶ ತಿಳಿದಾಗ ಜಹೀರ ಮೆಣಸಿನಕಾಯಿ ಮಾರುಕಟ್ಟೆಯ ಯಾರ್ಡಿನ ಗೇಟಿನಲ್ಲಿದ್ದ. ಟೆಂಪೋ ಅಲ್ಲೇ ನಿಲ್ಲಿಸಿ ಹಮಾಲರಿಗೆಲ್ಲ ಚಹಾ ಹೇಳಿ, "ನಮ್ಮಾಕಿ ಪಾಸಾಗ್ಯಾಳ" ಎಂದ. ಯಾವುದರಲ್ಲಿ ಎಂದು ಅವರು ಕೇಳಿದರು. ಆ ಹೆಸರು ಅವನ ನಾಲಗೆಗೆ ಹೊರಳಲಿಲ್ಲ. "ಭಾಳ ಕಠಿಣ ಇರೂದ್ರಾಗ" ಎಂದ.

ಈಗ ಸಲ್ಮಾ ದಿನಾ ರಾಣೆಬೆನ್ನೂರಿಗೆ ಹೋಗಿ ಡಿಗ್ರಿ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಕಲಿಸುತ್ತಾಳೆ. ಹೋದ ತಿಂಗಳು ಸ್ಟಾಫ್ ರೂಮಿನಲ್ಲಿದ್ದಾಗ ಫೋನ್ ಬಂತು. ಬಾಳಕೃಷ್ಣ ಅವರದು.

"ಒಂದು ಹಾಳಿ ಬಂದೈತಿ. ನಾನೂ ನಲಿನಿ ಮೇಡಮ್ಮೂ ಎರಡು ದಿನದಿಂದ ನೋಡಾಕತ್ತೇವಿ, ಬಗೀಹರಿವಲ್ದು. ನೀವು ಯಾವಾಗ ಬರ್ತೀರಿ?"

"ಶನಿವಾರ ಬರ್ತೇನ್ರಿ ಸರ್. ಫೋಟೊ ಕಳಸ್ರಿ, ಅಲ್ಲೀತನಾ ನಾನೂ ನೋಡ್ತಿರ್ತೇನಿ" ಎಂದಳು ಸಲ್ಮಾ.

ಶನಿವಾರದವರೆಗೆ ಕಾಯಬೇಕಾಗಲಿಲ್ಲ. ಫೋಟೊ ಬಂದ ಮರುದಿನ ಮಧ್ಯಾಹ್ನ, ಊಟದ ಡಬ್ಬಿ ತೆರೆಯುವ ಮೊದಲೇ, ಅವಳು ಉತ್ತರ ಕಳಿಸಿದ್ದಳು.