ತೊಳೆಯದೆ ಕೊಟ್ಟ ದೀಪ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಕ್ಕವನು. ತಂತಿ ಕೂಡಿದರೆ ದೀಪ ಹತ್ತುತ್ತದೆ, ಬಿಟ್ಟರೆ ಆರುತ್ತದೆ. ಹತ್ತನೇ ಇಯತ್ತೆ ಕಲಿತ ನನಗೆ ಅಷ್ಟು ಸಾಕಾಗಿತ್ತು. ನೀವೂ ನಕ್ಕರೆ ಬೇಸರವಿಲ್ಲ.

ಎರಡು ಸಾವಿರದ ಆರೋ ಏಳೋ ಇಸವಿ. ಬಾಳೆಗುಳಿಯಲ್ಲಿ ನನ್ನದು ರೇಡಿಯೋ ರಿಪೇರಿ ಅಂಗಡಿ. ಬೆಳ್ಳಿ ಲೇಪದ ತಗಡಿಗೆ ಎಂಟು ಎಲ್‌ಇಡಿ ಬೆಸೆದು ದೋಣಿಗಳಿಗೆ ದೀಪ ಮಾಡಿಕೊಡುತ್ತಿದ್ದೆ. ಆ ತಗಡೇ ಕರೆಂಟು ಒಯ್ಯಬೇಕು, ಹಿಂದಕ್ಕೆ ಬಿದ್ದ ಬೆಳಕನ್ನು ಮುಂದಕ್ಕೆ ಕಳಿಸುವುದೂ ಅದೇ. ಆದರೆ ತಿಂಗಳೊಳಗೆ ಅದು ಕಪ್ಪಾಗುತ್ತಿತ್ತು. ಉಪಾಯ ಹೇಳಿಕೊಟ್ಟವರು ಕದ್ವಾಡದ ಒಬ್ಬ ಮುದಿ ಅಕ್ಕಸಾಲಿಗರು. "ಬೆಸುಗೆ ಆಸಿಡ್ ಉಳಿದ್ರೆ ಬೆಳ್ಳಿನೂ ತಿಂತದೆ, ತಂತಿನೂ ತಿಂತದೆ. ಅಂಟವಾಳದ ನೀರಲ್ಲಿ ತೊಳಿ, ಒಣಗ್ಸು, ಆಮೇಲೆ ವಾರ್ನಿಶ್ ಹೊಡಿ. ಬೆರಳು ಮುಟ್ಟಿಸ್ಬೇಡ ಮಾರಾಯಾ!" ಹಾಗೆ ಮಾಡಿದ ದೀಪಗಳು ಮಳೆಗಾಲ ದಾಟಿದರೂ ಕನ್ನಡಿಯಂತಿದ್ದವು. ನಾನು ಊರೆಲ್ಲ ಬಡಾಯಿ ಕೊಚ್ಚಿಕೊಂಡೆ.

ಕೇಣಿಯ ಮೀನುಗಾರ ದೇವಿದಾಸನ ದೀಪವನ್ನು ಮಾತ್ರ ತೊಳೆಯಲಿಲ್ಲ. ಅಂದು ಮದುವೆ ಊಟಕ್ಕೆ ಹೊರಟಿದ್ದೆ. ಹಾಗೇ ವಾರ್ನಿಶ್ ಬಳಿದು, ಮೇಣ ಹಾಕಿ ಮುಚ್ಚಿದೆ.

"ತೊಳ್ದೀರಿ ಹೌದ್ರಾ?" ಎಂದು ದೀಪ ಒಯ್ಯಲು ಬಂದ ಅವನ ಹೆಂಡತಿ ಗುಲಾಬಿ ಕೇಳಿದಳು.

"ನಿನ್ನ ಪಾತ್ರೆಗಿಂತ ಚೊಕ್ಕ ಉಂಟು," ಎಂದೆ.

ಎರಡು ತಿಂಗಳ ನಂತರ ಒಂದು ಸಂಜೆ ಗಾಳಿ ಎದ್ದಿತು. ದೇವಿದಾಸನ ದೋಣಿ ಮರಳಿಲ್ಲವೆಂದು ಕೇಳಿ ಕೇಣಿಯ ದಂಡೆಗೆ ಓಡಿದೆ. ಗುಲಾಬಿ ನನ್ನನ್ನು ಕಂಡದ್ದೇ, "ನಿಮ್ ದೀಪ ಉಂಟಲ್ರಾ ನಾಯ್ಕರೇ, ಕಾಣ್ತದೆ," ಎಂದಳು. ತೊಳೆಯದೆ ಕೊಟ್ಟದ್ದು ನೆನಪಾಗಿ ನಾನು ಸಮುದ್ರದ ಕಡೆ ತಿರುಗಿ ನಿಂತೆ. ಸ್ವಲ್ಪ ಹೊತ್ತಿಗೆ ದೂರದಲ್ಲಿ ಬಿಳಿ ಬೆಳಕೊಂದು ಕಾಣಿಸಿತು. ಒಮ್ಮೆಯೂ ಮಿನುಗಲಿಲ್ಲ. ದಂಡೆಯವರೆಲ್ಲ ನೋಡಿದರು, ನಾನೂ ನೋಡಿದೆ. ಅದನ್ನೇ ಗುರಿ ಹಿಡಿದು ಹೋದ ದೋಣಿಗಳು, ಎಂಜಿನ್ ಕೆಟ್ಟು ತೇಲುತ್ತಿದ್ದ ಅವನನ್ನು ಎಳೆದು ತಂದವು.

ಮರುದಿನ ದೇವಿದಾಸ ಎರಡು ಇಸ್ವಣ ಮೀನು ಹಿಡಿದು ಅಂಗಡಿಗೆ ಬಂದ. ದೀಪವನ್ನೂ ತಂದಿದ್ದ. "ದಡ ಮುಟ್ಟಿದ್ದೇ ಆರ್‍ಹೋಯ್ತು. ನಿಮ್ಮಿಂದ ಒಯ್ದ್ಮೇಲೆ ಮೊದಲ್ನೇ ಸಲ ಹಚ್ಚಿದ್ದು ನೋಡಿ," ಎಂದ. ಅವನು ಹೋದ ಮೇಲೆ ಮೇಣ ಕಿತ್ತೆ. ತಗಡು ಇದ್ದಿಲಿನಂತೆ ಕಪ್ಪಾಗಿತ್ತು. ಬ್ಯಾಟರಿಯ ತಂತಿ ಬೆಸುಗೆಯ ಬುಡದಲ್ಲಿ ತುಂಡಾಗಿ ಬಿಟ್ಟುಹೋಗಿತ್ತು. ಅಲೆಯ ಏಟಿಗೆ ಆಗಷ್ಟೇ ಬಿಟ್ಟಿರಬೇಕು ಎನ್ನುತ್ತೀರಿ. ನಾನೂ ಹಾಗೆ ನಂಬಲು ನೋಡಿದೆ. ಆದರೆ ತುಂಡಾದ ಎರಡೂ ತುದಿಗಳ ಮೇಲೆ ಹಸಿರು ಕಿಲುಬು ದಪ್ಪಗೆ ಕೂತಿತ್ತು. ಅದು ಒಂದು ರಾತ್ರಿಯಲ್ಲಿ ಕೂರುವಂಥದ್ದಲ್ಲ. ವಾರಗಳು ಬೇಕು.

ನಿಜ ಹೇಳಿದೆನೇ? ಇಲ್ಲ. ಆ ಮೀನು ತಿಂದೆ. ಆಮೇಲೂ ಪ್ರತಿವರ್ಷ ಅವರು ಕಳಿಸಿದ್ದನ್ನೆಲ್ಲ ತಿಂದೆ.

ಕಳೆದ ವರ್ಷ ತಡೆಯಲಾರದೆ ಗುಲಾಬಿಗೆ ಎಲ್ಲ ಹೇಳಿಬಿಟ್ಟೆ. ಅವಳು ಬಯ್ಯಲಿಲ್ಲ.

"ಹಾಂಗಾರೆ ಇಷ್ಟು ವರ್ಷದ ಮೀನು ಯಾರಿಗ್ ಸೇರ್ಬೇಕಿತ್ತು, ನಾಯ್ಕರೇ?"

ಗೊತ್ತಿದ್ದರೆ ನಾನೇ ಒಯ್ದು ಕೊಡುತ್ತಿದ್ದೆ. ಗೊತ್ತಿಲ್ಲ. ದಿನಾ ಸಂಜೆ ಸಮುದ್ರದ ಕಡೆ ತಿರುಗಿ ಕೈ ಮುಗಿಯುತ್ತೇನೆ.